ಗುಡ್ಡದಡಿ ಹೋದ ಪ್ರಶ್ನೆ

ಭಾನುವಾರ ಮಧ್ಯಾಹ್ನ ಕಂಪ್ಯೂಟರ್ ಆಟಕ್ಕೆ ಹೊಸ ಅಪ್‌ಡೇಟ್ ಬಂದಿದ್ದು ನೋಡಿ ಅವಳು ಕೈಯಲ್ಲಿದ್ದ ಟವೆಲ್ ಎಸೆದು ಕುರ್ಚಿ ಎಳೆದು ಕೂತಳು.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳು. ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನು ಅವನು. ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಮಾತು, ಅಷ್ಟೇ. ಸಂಜೆ ಅವರವರ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ಇಬ್ಬರಿಗೂ ಒಂದೇ ಆಕಾಶ. ಆ ಆಟದ ಗ್ರಹಗಳನ್ನು ಯಾರೂ ಕೂತು ಚಿತ್ರ ಬಿಡಿಸಿದ್ದಲ್ಲ. ಕಂಪ್ಯೂಟರೇ ಲೆಕ್ಕ ಹಾಕಿ ಕೋಟಿಗಟ್ಟಲೆ ಹುಟ್ಟಿಸುತ್ತದೆ. ಅದರಲ್ಲೊಂದು ನೇರಳೆ ಹುಲ್ಲಿನ ಗ್ರಹ. ಅಲ್ಲಿ ಇಬ್ಬರೂ ಸೇರಿ ಮನೆ ಕಟ್ಟಿದ್ದರು.

ಗುರುವಾರ ಅವನು ನೆಲ ನೋಡುತ್ತಾ ಹೇಳಿದ್ದ: "ನಮ್ಮನೆ ಬಾಗಿಲಲ್ಲಿ ಒಂದು ಬರಹದ ಕಲ್ಲು ನೆಟ್ಟಿದ್ದೀನಿ. ಒಂದು ವಿಷಯ ಕೇಳ್ಬೇಕಿತ್ತು. ಓದಿ, ಅಲ್ಲೇ ಉತ್ತರ ಬರೀರಿ. ಎದುರಿಗೆ ನನ್ನ ಕೈಲಾಗಲ್ಲ."

ಅವಳಿಗೆ ಕಾಲು ನೆಲದ ಮೇಲಿರಲಿಲ್ಲ. ಆದರೂ ಅವತ್ತೇ ಓದಲಿಲ್ಲ. ಭಾನುವಾರ ತಲೆಸ್ನಾನ ಮಾಡಿ, ಕೂದಲು ಹರವಿಕೊಂಡು, ನಿಧಾನವಾಗಿ ಓದಬೇಕು ಅಂತ ಆಸೆ.

ಅಪ್‌ಡೇಟ್ ಗ್ರಹಗಳ ನೆಲವನ್ನೆಲ್ಲ ಹೊಸದಾಗಿ ಹುಟ್ಟಿಸಿತ್ತು. ಮನೆ ಇದ್ದ ಜಾಗದಲ್ಲಿ ಈಗ ಒಂದು ಗುಡ್ಡ. ಒದ್ದೆ ಕೂದಲಲ್ಲೇ ಮೂರು ಗಂಟೆ ಅಗೆದಳು. ಬಂಡೆ ಬಿಟ್ಟರೆ ಬಂಡೆ.

ಸೋಮವಾರ ಅವನು ತಲೆಯನ್ನೇ ಎತ್ತಲಿಲ್ಲ. ಅಂಗಡಿಯ ಯಜಮಾನಿ, ಅವಳ ದೊಡ್ಡಮ್ಮ, ಒಂದು ಕನ್ನಡಕ ಹಿಡಿದು ಬಂದರು. "ನೋಡೇ, ಎರಡೂ ಕಡೆ ಎಡಗಣ್ಣಿನ ಲೆನ್ಸೇ ಕೂರಿಸಿದ್ದಾನೆ. ಮೊದಲು ಇವನ ಕಣ್ಣು ಪರೀಕ್ಷೆ ಮಾಡು!"

ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮ್ ಏರಿಸಿದಳು.

"ನನ್ನ ಕಣ್ಣು ಸರಿಯಾಗೇ ಇದೆ," ಅಂದ.

"ಮತ್ತೆ ಬೆಳಗಿಂದ ನನ್ನ ಮುಖ ಯಾಕೆ ಕಾಣ್ತಿಲ್ಲ?"

"ಆ ಕಲ್ಲು ನೋಡಿ ಸಿಟ್ಟಾಗಿರ್ತೀರಿ ಅಂತ..."

"ಎಲ್ಲಿ ನೋಡ್ಲಿ? ಅದರ ಮೇಲೆ ಗುಡ್ಡ ಕೂತಿದೆ! ಅಗೆದು ಅಗೆದು ಸಾಕಾಯ್ತು. ಮುಂಚೇನೇ ಓದಬೇಕಿತ್ತು, ತಪ್ಪು ನನ್ನದೇ." ಅವಳು ಕುರ್ಚಿಯ ಕಡೆ ಬಗ್ಗಿದಳು. "ಏನು ಬರೆದಿದ್ರಿ?"

"ನೋಡಲೇ ಇಲ್ವಾ?" ಅವನು ಉಸಿರು ಬಿಟ್ಟ ರಭಸಕ್ಕೆ ಫ್ರೇಮ್ ಜಾರಿತು. "ಅಬ್ಬಾ, ಸದ್ಯ!"

"ಸದ್ಯಾನಾ?"

"ಏನೂ ಬರೆದಿರಲಿಲ್ಲ ರೀ. ಸಂಜೆ ಬರೆಯೋಣ ಅಂತ ನಿಮಗೆ ಮೊದಲೇ ಹೇಳ್ಬಿಟ್ಟೆ. ಆಮೇಲೆ ಆರು ಸಲ ಬರೆದೆ, ಆರು ಸಲ ಅಳಿಸಿದೆ. ನಾಚಿಕೆಗೆ ನಿನ್ನೆ ಆಟಾನೇ ತೆರೀಲಿಲ್ಲ. ಖಾಲಿ ಕಲ್ಲು ನೋಡಿ ನೀವು ಸಿಟ್ಟಾಗಿದ್ದೀರಿ ಅಂದ್ಕೊಂಡೆ."

"ಖಾಲಿ ಕಲ್ಲಿಗೋಸ್ಕರ ನಾನು ಗುಡ್ಡ ಅಗೆದ್ನಾ!"

ಅವಳಿಗೆ ನಗು ಉಕ್ಕಿ ಬಂತು. ಕಳೆದುಹೋಯಿತು ಅಂದುಕೊಂಡಿದ್ದು ಇನ್ನೂ ಅವನ ಬಾಯಲ್ಲೇ ಇತ್ತು. ಅವನು ಫ್ರೇಮ್ ತೆಗೆಯಲು ಹೋದ. ಅವಳು ಬೆರಳಿಂದ ತಡೆದಳು.

"ಇರ್ಲಿ ಬಿಡಿ. ಇದಿದ್ರೆ ಆ ಕಡೆ ಈ ಕಡೆ ನೋಡೋಕಾಗಲ್ಲ. ಕೇಳಿ ಈಗ."

ಅವನ ಕಿವಿ ಕೆಂಪಾಯಿತು. "ಲಾಗೌಟ್ ಆದ್ಮೇಲೂ... ಒಂದೇ ಮನೇಲಿ ಇರೋಣ್ವಾ?"

"ಇರೋಣ." ಉತ್ತರ ಎಷ್ಟು ಬೇಗ ಬಂತೆಂದರೆ ಅವಳೇ ನಾಚಿಕೊಂಡಳು. "ಬರೆದು ಕೊಡ್ಲಾ?"

"ಬೇಡ. ಇನ್ನೊಂದು ಸಲ ಹೇಳಿ, ಸಾಕು."

ಅವಳು ಹೇಳಿದಳು. ಈ ಸಲ ನಿಧಾನವಾಗಿ.