ಮುಚ್ಚಿಟ್ಟ ಹಿಟ್ಟು

ಆ ಬೇಕರಿಯ ನೆಲದ ಮೇಲೊಂದು ಸೀಮೆಸುಣ್ಣದ ಗೆರೆ ಇತ್ತು. ಗೆರೆಯ ಆಚೆ ಓವನ್, ಟ್ರೇಗಳು ಮತ್ತು ಗಂಟುಮೋರೆ. ಈಚೆ ಗ್ಯಾಸ್ ಒಲೆ, ಕಬ್ಬಿಣದ ಕಾವಲಿ, ಲಟ್ಟಣಿಗೆ ಮತ್ತು ಅವಳು. ಗೆರೆ ಎಳೆದವಳು ಅವಳೇ. ಕಸ ಗುಡಿಸಿದಾಗ ಅಳಿಸಿಹೋದರೆ ಮತ್ತೆ ಎಳೆಯುವವಳೂ ಅವಳೇ.

ಗಂಟುಮೋರೆ ಎಂಬ ಹೆಸರೂ ಅವಳೇ ಇಟ್ಟದ್ದು. ಅವನು ಬ್ರೆಡ್ ಮಾಡುವವನು. ಯೀಸ್ಟ್ ಹಾಕಿ ಹಿಟ್ಟು ಕಲಸಿ, ಒದ್ದೆ ಬಟ್ಟೆ ಹೊದಿಸಿ, ಅದು ಉಬ್ಬುವವರೆಗೂ ತಾಸುಗಟ್ಟಲೆ ಪಕ್ಕದಲ್ಲೇ ಕೂರುವ ಜಾತಿ. ಅವಳಿಗೆ ಯೀಸ್ಟಿನ ಗೊಡವೆಯೇ ಇಲ್ಲ. ಗಿರಾಕಿ ಬೆಂಚಿನ ಮೇಲೆ ಕೂತ ಮೇಲೆ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಮೈದಾ, ಉಪ್ಪು, ಚಿಟಿಕೆ ಅಡುಗೆ ಸೋಡ, ಮೊಸರು. ನಾಲ್ಕು ಸಲ ನಾದಿ, ಲಟ್ಟಿಸಿ, ಕಾದ ಕಾವಲಿಗೆ ಹಾಕಿದರೆ ರೊಟ್ಟಿ ಉಬ್ಬಿ ಏಳುತ್ತಿತ್ತು. ಅವನು ಅವಳನ್ನು ಎಕ್ಸ್‌ಪ್ರೆಸ್ ಎನ್ನುತ್ತಿದ್ದ, ಅದೂ ಬೆನ್ನ ಹಿಂದೆ ಅಲ್ಲ, ಮುಖದ ಮೇಲೆಯೇ.

“ಇದಕ್ಕೆ ರೊಟ್ಟಿ ಅಂತಾರಾ? ಹಿಟ್ಟಿಗೆ ಉಸಿರಾಡೋಕೂ ಬಿಡಲ್ಲ ನೀವು.”

“ನಿಮ್ಮ ಬ್ರೆಡ್ ಉಸಿರಾಡಿ ಎದ್ದು ಕೂರೋಷ್ಟರಲ್ಲಿ ಹಸಿದೋರು ಮನೆಗೆ ಹೋಗಿ ಉಂಡು ಮಲಗಿರ್ತಾರೆ.”

ಹೀಗೆ ಹನ್ನೊಂದು ತಿಂಗಳು. ಅವನ ಎಡ ಹುಬ್ಬಿಗೆ ದಿನಾ ಹಿಟ್ಟು ಅಂಟಿರುತ್ತಿತ್ತು. ಅವಳು ಒಂದು ದಿನವೂ ಹೇಳಲಿಲ್ಲ. ಹೇಳದಿರುವುದು ಅವಳ ಪುಟ್ಟ ಸೇಡು. ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬಿಳಿ ಹುಬ್ಬು, ಕರಿ ಹುಬ್ಬು, ಅದರ ಕೆಳಗೆ ಅವಳ ಕಡೆ ಹೊರಳಿ ಥಟ್ಟನೆ ಟ್ರೇ ಕಡೆ ತಿರುಗುವ ಕಣ್ಣು. ಸಿಟ್ಟು ಬಂದಾಗ ಆ ಕಣ್ಣು ಇನ್ನೂ ಚೆಂದ ಎಂದು ಅನ್ನಿಸಿದ ದಿನ ಅವಳು ಗೆರೆಯನ್ನು ಎರಡು ಸಲ ತಿದ್ದಿದ್ದಳು.

ಬೇಕರಿ ಅವಳ ಸೋದರತ್ತೆಯದು. ಅತ್ತೆಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

“ಗುರುವಾರ ಹತ್ತು ಗಂಟೆಗೆ ಬಸ್ ಡಿಪೋ ಕ್ಯಾಂಟೀನ್ ಮ್ಯಾನೇಜರ್ ಬರ್ತಾರೆ. ಬೆಳಗಿನ ಶಿಫ್ಟಿನೋರಿಗೆ ನಿನ್ನ ರೊಟ್ಟಿ ಬೇಕು ಅಂದ್ರೆ ನಿನ್ನ ಒಲೆ ಇಲ್ಲೇ ಇರುತ್ತೆ. ಬೇಡ ಅಂದ್ರೆ ಆ ಮೂಲೇಲಿ ಬ್ರೆಡ್ ಸ್ಟ್ಯಾಂಡ್ ಇಡ್ತೀನಿ. ನೀನು ನಿಮ್ಮಕ್ಕನ ಮನೆಗೆ ಹೊರಡು. ಮಕ್ಕಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತ ಅವಳು ದಿನಾ ಫೋನ್ ಮಾಡ್ತಾಳೆ.”

ಅಕ್ಕನ ಮನೆ ಎಂದರೆ ಮೂರು ಮಕ್ಕಳು, ಭಾವನ ಇಸ್ತ್ರಿ ಅಂಗಿ, ಅಕ್ಕನ ಅಪ್ಪಣೆ. ಆರಡಿ ಉದ್ದದ ಈ ಮೂಲೆಯಾದರೋ ಅವಳದೇ ಆಗಿತ್ತು.

ಗುರುವಾರ ಎಂಟು ಗಂಟೆಗೆ ಅವಳು ಮೈದಾ, ಉಪ್ಪು, ಸೋಡ ಅಳೆದು ಬೋಗುಣಿಗೆ ಹಾಕಿ, ಪಕ್ಕದಲ್ಲಿ ಮೊಸರಿನ ಪಾತ್ರೆ ಇಟ್ಟಳು. ಮ್ಯಾನೇಜರ್ ಬಂದು ಕೂತ ಮೇಲೆ ಬೆರೆಸಿದರಾಯಿತು. ಒಲೆ ಹಚ್ಚಿ ನೋಡಿದರೆ ಗ್ಯಾಸ್ ಖಾಲಿ. ಸಿಲಿಂಡರ್ ತರಲು ಓಡಿದಳು.

ತಿರುಗಿ ಬಂದಾಗ ಹತ್ತಕ್ಕೆ ಐದು ನಿಮಿಷ. ಮ್ಯಾನೇಜರ್ ಆಗಲೇ ಬೆಂಚಿನ ಮೇಲಿದ್ದರು. ಬೋಗುಣಿ ಜಾಗದಲ್ಲಿರಲಿಲ್ಲ. ಮೊಸರಿನ ಪಾತ್ರೆ ತೊಳೆದು ಬೋರಲು ಹಾಕಿತ್ತು.

“ಯಾರು ಮುಟ್ಟಿದ್ದು?”

“ನಾನೇ,” ಎಂದ ಗಂಟುಮೋರೆ. ಅವನ ಮುಖದಲ್ಲಿ ಅಪರೂಪಕ್ಕೆ ಒಂದು ನಗೆಯಿತ್ತು. “ನಿಮಗೆ ತಡ ಆಗುತ್ತೆ ಅಂತ ಕಲಸಿ, ಚೆನ್ನಾಗಿ ನಾದಿ, ಓವನ್ ಮೇಲೆ ಬೆಚ್ಚಗೆ ಇಟ್ಟಿದ್ದೀನಿ. ಒಂದೂವರೆ ಗಂಟೆ ಆಯ್ತು. ಮೊಸರಿಗೇ ಉಬ್ಬುತ್ತೆ ಅಂದ್ಕೊಂಡೆ, ಯಾಕೋ ಇನ್ನೂ ಉಬ್ಬಿಲ್ಲ.”

“ಅದರಲ್ಲಿ ಯೀಸ್ಟ್ ಎಲ್ಲಿದೆ ರೀ ಉಬ್ಬೋಕೆ?” ಅವಳ ದನಿ ಕೀರಲಾಯಿತು. “ಸೋಡಕ್ಕೆ ಮೊಸರು ಸೋಕಿದ ಕೂಡಲೇ ಕಾವಲಿಗೆ ಹೋಗಬೇಕು. ಅದು ಕಾಯೋ ಹಿಟ್ಟಲ್ಲ!”

ಬೋಗುಣಿಯ ಮೇಲೆ ಅವನ ನೀಲಿ ಚೌಕಳಿ ಬಟ್ಟೆ ಹೊದಿಸಿತ್ತು. ಯಾರಿಗೂ ಮುಟ್ಟಲು ಬಿಡದ ಬಟ್ಟೆ ಅದು. ಅವಳಿಗೆ ಅದನ್ನೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ. ಮೊಸರು ಮುಗಿದಿತ್ತು, ಅತ್ತೆ ಗಡಿಯಾರ ನೋಡುತ್ತಿದ್ದಳು. ಆ ಹಿಟ್ಟನ್ನೇ ಲಟ್ಟಿಸಿ ಬೇಯಿಸಿದಳು. ರೊಟ್ಟಿ ಮಿಸುಕಲೂ ಇಲ್ಲ.

ಮ್ಯಾನೇಜರ್ ಎರಡೂ ಕೈಯಲ್ಲಿ ಹಿಡಿದು ಎಳೆದರು. “ಟೈರಿಗೆ ಪ್ಯಾಚ್ ಹಾಕೋಕೆ ಚೆನ್ನಾಗಿದೆಯಮ್ಮ,” ಎಂದು ಎದ್ದು ನಿಂತರು. ಅತ್ತೆ ಒಲೆಯ ಮೂಲೆಯನ್ನು ಕಣ್ಣಲ್ಲೇ ಅಳೆದಳು.

ಅವಳು ಲಟ್ಟಣಿಗೆಯನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದಳು. ಕಣ್ಣು ತುಂಬಿದ್ದಕ್ಕೂ ಅವನ ಮೇಲೆಯೇ ಸಿಟ್ಟು ಬಂತು. “ಬೇಕು ಅಂತಲೇ ಮಾಡಿದ್ರಿ. ನಿಮ್ಮ ಸ್ಟ್ಯಾಂಡಿಗೆ ಜಾಗ ಬೇಕಿತ್ತು. ತಗೊಳ್ಳಿ, ನಿಮ್ಮ ಹೊಟ್ಟೆ ತಣ್ಣಗಿರಲಿ.”

ಅವನ ಮುಖ ಬಿಳಿಚಿಕೊಂಡಿತು. ಗೆರೆ ದಾಟಿ ಬಂದವನೇ ಮ್ಯಾನೇಜರ್‌ಗೆ ಅಡ್ಡ ನಿಂತ.

“ಆ ರೊಟ್ಟಿ ಅವರದ್ದಲ್ಲ ಸಾರ್, ನಂದು. ಹಿಟ್ಟು ಕೆಡಿಸಿದೋನು ನಾನು. ನನಗೆ ಅದು ಬರಲ್ಲ, ಬರದೆ ಕೈ ಹಾಕಿದೆ.”

ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದಳು. ತಳ ಹತ್ತಿ ಕರಿಯಾದ ಬ್ರೆಡ್ಡಿಗೂ ಓವನ್ನಿನ ಮೇಲೆ ತಪ್ಪು ಹೊರಿಸುತ್ತಿದ್ದ ಮನುಷ್ಯ ಇವನು.

“ಇನ್ನು ಹತ್ತು ನಿಮಿಷಕ್ಕೆ ನನ್ನ ಜೀಪ್ ಬರುತ್ತಪ್ಪ,” ಎಂದರು ಮ್ಯಾನೇಜರ್.

“ಅವರಿಗೆ ಹತ್ತು ನಿಮಿಷ ಜಾಸ್ತಿನೇ ಸಾರ್. ಕೂತ್ಕೊಳ್ಳಿ.”

ಅವನು ತನ್ನ ಊಟದ ಡಬ್ಬಿ ತೆರೆದು, ಮೊಸರಿದ್ದ ಬಟ್ಟಲನ್ನು ತಂದು ಅವಳ ಮುಂದಿಟ್ಟ. ಅವಳು ಅವನತ್ತ ನೋಡಲಿಲ್ಲ. ಹೊಸ ಹಿಟ್ಟು, ಉಪ್ಪು, ಸೋಡ, ಅವನ ಮೊಸರು. ನಾಲ್ಕು ಸಲ ನಾದಿದಳು. ಕಾವಲಿ ಹೊಗೆಯಾಡಿತು. ರೊಟ್ಟಿಯ ಮೈಮೇಲೆ ಒಂದು ಗುಳ್ಳೆ, ನಾಲ್ಕು ಗುಳ್ಳೆ, ಆಮೇಲೆ ಇಡೀ ರೊಟ್ಟಿ ಕೆನ್ನೆ ಊದಿಸಿದ ಮಗುವಿನಂತೆ ಎದ್ದಿತು. ಮ್ಯಾನೇಜರ್ ಎರಡು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದೇ ಹೊರಟರು. “ಸೋಮವಾರದಿಂದ ಶುರು ಮಾಡಿ,” ಎಂದರು. ಅತ್ತೆ ಅವರನ್ನು ಕಳಿಸಲು ಗೇಟಿನವರೆಗೆ ಹೋದಳು.

ಅವಳು ಇನ್ನೊಂದು ರೊಟ್ಟಿ ಕಾವಲಿಗೆ ಹಾಕಿದಳು. “ಥ್ಯಾಂಕ್ಸ್ ಹೇಳ್ತೀನಿ ಅಂತ ನಿಂತಿದ್ರೆ ಹೋಗಿ. ನನ್ನ ಹಿಟ್ಟು ಯಾಕೆ ಮುಟ್ಟಿದ್ರಿ?”

“ನೀವು ಅಕ್ಕನ ಮನೆಗೆ ಹೋಗಬಾರದು ಅಂತ.”

“ಹೋದ್ರೆ ನಿಮಗೇನು?”

ಅವನು ನೆಲ ನೋಡಿದ. “ಅದನ್ನ ಸಮಯ ನೋಡಿ ಹೇಳೋಣ ಅಂತಿದ್ದೆ.”

“ಎಷ್ಟು ದಿನದಿಂದ ನೋಡ್ತಿದ್ದೀರ?”

“ಹನ್ನೊಂದು ತಿಂಗಳು.”

ಅವಳ ಮೈ ಉರಿದುಹೋಯಿತು. ಈ ಹನ್ನೊಂದು ತಿಂಗಳಲ್ಲಿ ಮನೆಗೆ ಹೋಗಿ ಎಷ್ಟು ದಿನ ಇವನ ಬೈಗುಳವನ್ನೇ ಮೆಲುಕು ಹಾಕಿರಲಿಲ್ಲ!

“ಹನ್ನೊಂದು ತಿಂಗಳು ಬಟ್ಟೆ ಹೊದಿಸಿ ಕಾಯ್ತಾ ಕೂತಿದ್ರಾ? ನಾನೇನು ನಿಮ್ಮ ಬ್ರೆಡ್ಡಾ? ಅತ್ತೆ ಗೇಟಿಂದ ಬರೋಕೆ ಎರಡು ನಿಮಿಷ ಇದೆ. ಹೇಳೋದಿದ್ರೆ ಈಗ ಹೇಳಿ. ಇಲ್ಲಾಂದ್ರೆ ಗೆರೆ ಆಚೆ ನಡೀರಿ, ಇನ್ಯಾವತ್ತೂ ಹೇಳೋಕೆ ಬರಬೇಡಿ.”

“ನೀವಂದ್ರೆ ಇಷ್ಟ. ಬೈದರೆ ಇನ್ನೂ ಇಷ್ಟ. ನನ್ನ ಮದುವೆ ಆಗ್ತೀರಾ?”

“ಆಗ್ತೀನಿ,” ಎಂದಳು, ಜಗಳದ ದನಿಯಲ್ಲೇ. ಸೆರಗಿನ ತುದಿ ಹಿಡಿದು, ಪಾತ್ರೆ ಉಜ್ಜುವ ಹಾಗೆ ಅವನ ಎಡ ಹುಬ್ಬನ್ನು ತಿಕ್ಕಿದಳು. “ದಿನಾ ಇಲ್ಲಿ ಹಿಟ್ಟು ಅಂಟಿಸ್ಕೊಂಡು ಓಡಾಡ್ತೀರ. ಗೊತ್ತಾ?”

“ನೀವು ಒಂದಿನಾನೂ ಹೇಳ್ಲಿಲ್ಲ.”

“ನಾನೂ ಸಮಯ ನೋಡ್ತಿದ್ದೆ.”

ಅಂಗಳದಲ್ಲಿ ಅತ್ತೆಯ ಚಪ್ಪಲಿ ಸದ್ದಾಯಿತು. ಇಬ್ಬರೂ ಗೆರೆಯ ಈಚೆಯೇ ನಿಂತಿದ್ದರು. ಕಾವಲಿಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವಳು ಮಗುಚಿ ಹಾಕದೆ ಬಿಟ್ಟ ಮೊದಲ ರೊಟ್ಟಿ ಅದು.