ಅಮ್ಮ ಎದ್ದಳಾ?

ಭ್ರಮೆ ಅನ್ನುವವರು ಅನ್ನಲಿ. ಹಾಡಹಗಲಲ್ಲಿ, ನನ್ನ ಕಣ್ಣೆದುರೇ ನಡೆದದ್ದು.

ಭಾವ ಔಷಧಿ ಗೋದಾಮಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಾರೆ. ಶಾಲೆ ಬಿಟ್ಟ ಮೇಲೆ ನಾನೂ ಅವರ ಜೊತೆ ಹೋಗುತ್ತೇನೆ. ಅಲ್ಲಿ ಬಿಲ್ಲಿಂಗ್ ಮತ್ತು ದಾಸ್ತಾನು, ಎರಡೂ ಪ್ರೋಗ್ರಾಂಗಳಿಗೆ ಒಂದೇ ಡೇಟಾಬೇಸ್ ಸರ್ವರ್. ಅದು ಪೂರ್ತಿ ಚಾಲೂ ಆಗುವ ಮೊದಲೇ ಇವು ಶುರುವಾದರೆ ಬಿದ್ದುಹೋಗುತ್ತವೆ. ಅದಕ್ಕೇ ಭಾವನ ಬಾಯಲ್ಲಿ ಸರ್ವರ್ ಅಮ್ಮ, ಇವು ಮಕ್ಕಳು.

ಅಂದು ಕರೆಂಟ್ ಹೋಗಿ ಬಂದು ಮಕ್ಕಳಿಬ್ಬರೂ ಬಿದ್ದಿದ್ದರು. ಬಿಲ್ ಆಗದೆ, ಆಸ್ಪತ್ರೆಗೆ ತುರ್ತಾಗಿ ಹೋಗಬೇಕಾದ ಔಷಧಿ ಗಾಡಿಯಲ್ಲೇ ಕಾಯುತ್ತಿತ್ತು. ಭಾವ ಹೊರಗೆ ಮೇಜಿನ ಮುಂದಿದ್ದರು. ಒಳಗೆ ಸರ್ವರ್ ಸತ್ತಂತಿತ್ತು. ಅದಕ್ಕಿದ್ದದ್ದು ಒಂದೇ ಕರೆಂಟ್ ವೈರು; ಅದರ ಪ್ಲಗ್ ಕಳಚಿ ಧೂಳು ಒರೆಸುತ್ತಿದ್ದೆ. ಎಸಿ ಕೊರೆಯುತ್ತಿದ್ದರೂ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂಥ ಬಿಸಿ ಬೆನ್ನಿಗೆ ತಾಗಿತು.

"ಅಮ್ಮ ಎದ್ದಳಾ, ಪುಟ್ಟಿ?" ಭಾವ ಕೂಗಿದರು.

ನಾನು ಬಾಯಿ ತೆರೆದಿರಲಿಲ್ಲ. ನನ್ನ ಹಿಂದಿನಿಂದ ಹೆಂಗಸೊಬ್ಬಳ ನಿದ್ದೆ ತುಂಬಿದ ದನಿ ಬಂತು.

"ಎದ್ದೆ ಕಣಪ್ಪ."

ತಿರುಗಿದೆ. ಬರೀ ಗೋಡೆ.

"ಎದ್ದಳು ಅನ್ನೋದು ಬಿಟ್ಟು ಎದ್ದೆ ಅಂತೀಯಲ್ಲೇ! ನೀನೇನು ನಮ್ಮಮ್ಮನಾ?" ಭಾವ ನಕ್ಕರು. ಕೀಲಿಗಳು ಟಕಟಕ ಎಂದವು. "ನೋಡು, ಎರಡೂ ಒಂದೇ ಸಲಕ್ಕೆ ಎದ್ದವು!"

ಪ್ರಿಂಟರ್ ಬಿಲ್ ಉಗುಳತೊಡಗಿತು. ಹೊರಗೆ ಗಾಡಿ ಹೊರಟ ಸದ್ದಾಯಿತು. ಒಂದು ಔಷಧಿಯ ಲೆಕ್ಕವೂ ತಪ್ಪಿರಲಿಲ್ಲವೆಂದು ಆಸ್ಪತ್ರೆಯವರು ಆಮೇಲೆ ಹೇಳಿದರು.

ಗಾಡಿ ಗೇಟು ದಾಟುವಾಗಲೂ ಪ್ಲಗ್ ನನ್ನ ಕೈಯಲ್ಲೇ ಇತ್ತು.