ಕಾವಲುತೂಬು ಕೇಳಿದ ಸಂಬಂಧ

ಬೆಳಗಿನ ಹತ್ತು ಗಂಟೆಗೆ ಹುಲಿಗೆಪ್ಪನ ಮೀನುಕೊಳದ ಕಾವಲುತೂಬು ತಾನಾಗಿಯೇ ಮುಚ್ಚಿಕೊಂಡಿತು. ಉಕ್ಕಿನ ಹಲಗೆ ಸದ್ದಿಲ್ಲದೆ ಇಳಿದು ಹೊರಗಾಲುವೆಯನ್ನು ಅಡ್ಡಗಟ್ಟಿತು. ಅದರ ನೆತ್ತಿಯ ದೀಪ ಹಸಿರಿನಿಂದ ಕೆಂಪಿಗೆ ತಿರುಗಿತು. ಹುಲಿಗೆಪ್ಪ ಎರಡೂ ಕೈ ಹಾಕಿ ಹಲಗೆಯನ್ನು ಎತ್ತಲು ನೋಡಿದ. ಅದು ಮನುಷ್ಯನ ಕೈಗೆ ಬಗ್ಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಅವನ ಬೆನ್ನ ಹಿಂದೆ ಇಪ್ಪತ್ತು ಸಾವಿರ ಕಾಟ್ಲಾ, ರೋಹು ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದವು.

ಕಾವಲುತೂಬಿನ ಕಥೆ ಇಷ್ಟು. ಕೊಳದ ಮೀನು ತಿಂದು ಬಿಟ್ಟ ಮೇವು, ಮೀನಿನ ಹಿಕ್ಕೆ, ಗದ್ದೆಯ ಯೂರಿಯಾ, ಎಲ್ಲವೂ ಕೊನೆಗೆ ಸಾರಜನಕ, ರಂಜಕಗಳಾಗಿ ನೀರಿಗೆ ಸೇರುತ್ತವೆ. ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. ಹೊಳೆಯಲ್ಲಿ ಈ ಪೋಷಕಾಂಶ ಹೆಚ್ಚಾದರೆ ವಿಷದ ಪಾಚಿ ಹಬ್ಬುತ್ತದೆ. ೨೦೫೮ರ ಬೇಸಿಗೆಯಲ್ಲಿ ಹಾಗೆ ಹಬ್ಬಿ, ಕೆಳಗಿನ ಎರಡು ಪಟ್ಟಣಗಳು ಮೂರು ತಿಂಗಳು ಟ್ಯಾಂಕರ್ ನೀರು ಕುಡಿದವು. ಆಮೇಲೆ ಬಂದದ್ದೇ ಜಲವಿಜ್ಞಾನಿ ಡಾ. ಪ್ರಮೀಳಾ ಕೊಣ್ಣೂರರ ಕಾವಲುತೂಬು. ಅದರ ಗಂಟಲಲ್ಲಿ ಹೆಬ್ಬೆರಳು ಗಾತ್ರದ ಪೋಷಕಭಾರ ಮಾಪಕ ಕುಳಿತಿರುತ್ತದೆ. ನೀರು ಮಿತಿ ಮೀರಿ ಕೊಳೆಯಾಗಿದ್ದರೆ ತೂಬು ಮುಚ್ಚುತ್ತದೆ. ಒಂದು ಇಡೀ ದಿನ ಮುಚ್ಚಿಯೇ ಇರಬೇಕಾಗಿ ಬಂದರೆ ಮಾಲೀಕನ ಹೆಸರಿಗೆ ಒಂದು ಕಪ್ಪುಗುರುತು. ಮೂರು ಗುರುತಾದರೆ ಮುಂದಿನ ಹಂಗಾಮಿಗೆ ಕಾಲುವೆ ನೀರಿಲ್ಲ.

ಮೊದಲ ಮಾದರಿಗೆ ಬೀಗದ ಕೈ ಇತ್ತು. ಬೀಗದ ಕೈ ಇದ್ದಲ್ಲಿ ಅದನ್ನು ಹಿಡಿದ ಅಧಿಕಾರಿ ಇರುತ್ತಾನೆ, ಅವನಿಗೊಬ್ಬ ಭಾವಮೈದುನನೂ ಇರುತ್ತಾನೆ. ಹಾಗಾಗಿ ಎರಡನೆಯ ಮಾದರಿಗೆ ಕೊಣ್ಣೂರರು ಬೀಗದ ಕೈಯನ್ನೇ ಇಡಲಿಲ್ಲ. ಅವರಿಗೆ ತಮ್ಮ ಯಂತ್ರದ ಬಗ್ಗೆ ಇದ್ದ ಹೆಮ್ಮೆಯೆಲ್ಲ ಇದೊಂದರ ಮೇಲೆ ನಿಂತಿತ್ತು.

ಅಂದು ವಾರ್ಷಿಕ ತಪಾಸಣೆಗೆಂದು ಸಿಂಧನೂರು ಸೀಮೆಯ ಹೊಸಕುಂಟಿಗೆ ಬಂದಿದ್ದ ಅವರು ಹುಲಿಗೆಪ್ಪನ ಕೊಳದ ಏರಿಯ ಮೇಲೆಯೇ ನಿಂತಿದ್ದರು.

"ಮೇಡಂ, ಇದನ್ನ ಹಡದವರು ನೀವು. ನೀವು ಹೇಳಿದ್ರೂ ಕೇಳಂಗಿಲ್ಲೇನ್ರಿ?" ಎಂದ ಹುಲಿಗೆಪ್ಪ.

"ಕೇಳುವುದಿಲ್ಲ. ನಾನು ಹೇಳಿದರೂ ಕೇಳಬಾರದು ಎಂದೇ ಮಾಡಿದ್ದು."

ಕೊಳ ಕೆಟ್ಟದ್ದು ಹೇಗೆ ಎಂದು ಅವರು ವಿಚಾರಿಸಿದರು. ನಾಲ್ಕು ದಿನದಿಂದ ಮೋಡ ಕವಿದಿತ್ತು. ಬಿಸಿಲಿದ್ದರೆ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ಬಿಸಿಲಿಲ್ಲದಿದ್ದರೆ ಇದ್ದ ಆಮ್ಲಜನಕವನ್ನೂ ತಾನೇ ಎಳೆದುಕೊಳ್ಳುತ್ತದೆ. ಅಂಥ ದಿನಗಳಲ್ಲಿ ಮೇವು ನಿಲ್ಲಿಸಬೇಕು. ಹುಲಿಗೆಪ್ಪ ನೆಂಟರ ಮದುವೆಗೆಂದು ಎರಡು ದಿನ ಊರಲ್ಲಿರಲಿಲ್ಲ. ಅವನ ಅಪ್ಪ ಯಮನಪ್ಪ ಹರಿಗೋಲಿನಲ್ಲಿ ಹೊಳೆಯ ಮೀನು ಹಿಡಿದು ಬಾಳಿದವನು. ಹರಿಯುವ ಹೊಳೆಯಲ್ಲಿ ಮೀನು ಉಸಿರುಗಟ್ಟುವುದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಮೀನುಗಳು ಮೇಲೆ ಬಂದು ಬಾಯಿ ತೆರೆದದ್ದನ್ನು ನೋಡಿ ಹಸಿದಿವೆ ಎಂದುಕೊಂಡ. ಬಾಯಿ ತೆರೆದ ಜೀವಕ್ಕೆ ಇಲ್ಲವೆನ್ನಬಾರದೆಂದು ಬುಟ್ಟಿಗಟ್ಟಲೆ ತೌಡು ಸುರಿದ. ತೌಡು ತಳದಲ್ಲಿ ಕೊಳೆತು ಅಮೋನಿಯಾ ಆಯಿತು. ಈಗ ಆ ಮುದುಕ ಏರಿಯ ಆಚೆ ತುದಿಯಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಕೂತಿದ್ದ, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಗಾಳಿಯಾಡಿಸುವ ಚಕ್ರಗಳು ತಿರುಗುತ್ತಲೇ ಇದ್ದವು, ಆದರೆ ಅಮೋನಿಯಾ ಗಾಳಿಯಿಂದ ಹೋಗುವಂಥದ್ದಲ್ಲ. ತಳದ ನೀರು ಹೊರಗೆ ಹೋಗಿ ಕಾಲುವೆಯ ಹೊಸ ನೀರು ಒಳಗೆ ಬರಬೇಕು. ಸತ್ತ ಮೀನು ಕೊಳೆತರೆ ನೀರು ಇನ್ನೂ ಕೆಡುತ್ತದೆ, ಆಗ ತೂಬು ಇನ್ನೂ ಗಟ್ಟಿಯಾಗಿ ಮುಚ್ಚಿರುತ್ತದೆ. ಕೊಣ್ಣೂರರ ಲೆಕ್ಕದಲ್ಲಿ ಮಧ್ಯಾಹ್ನದವರೆಗೆ ಕಾಲಾವಕಾಶವಿತ್ತು.

ಅವರೇ ಒಂದು ದಾರಿ ಹೇಳಿದರು. ಹಳ್ಳಕ್ಕೆ ಬಿಡುವ ನೀರಿಗೆ ಮಾತ್ರ ತೂಬಿನ ಕಾವಲು. ಪಕ್ಕದ ಗದ್ದೆಗೆ ಬಿಟ್ಟರೆ ಯಂತ್ರದ ತಕರಾರಿಲ್ಲ, ಮೀನಿಗೆ ವಿಷವಾದ ಸಾರಜನಕ ಭತ್ತಕ್ಕೆ ಗೊಬ್ಬರ. ಕೊಳದ ಕೆಳಗಿರುವ ಗದ್ದೆ ಯಾರದು ಎಂದು ಕೇಳಿದರು.

ಗದ್ದೆ ಅಮರಮ್ಮನದು. ಹಿಂದಿನ ವರ್ಷ ಆಕೆಯ ಯೂರಿಯಾ ನೀರು ಜಿನುಗಿ ಅವನ ಕೊಳದಲ್ಲಿ ಪಾಚಿ ಹಬ್ಬಿತ್ತು. ಅವನು ಬಾಯಿಮಾತಿನಲ್ಲಿ ಹೇಳಬಹುದಿತ್ತು. ಹೇಳದೆ ನೇರ ಇಲಾಖೆಗೆ ಬರೆದ. ಆಕೆಯ ಗದ್ದೆಗೂ ಕಾವಲುತೂಬು ಬಂತು, ಒಂದೇ ಹಂಗಾಮಿನಲ್ಲಿ ಎರಡು ಕಪ್ಪುಗುರುತೂ ಬಿದ್ದವು. ಅಂದಿನಿಂದ ಅಮರಮ್ಮ ಅವನ ಏರಿಯ ಮೇಲೆ ಕಾಲಿಟ್ಟಿರಲಿಲ್ಲ. ಅವನನ್ನು ಕಂಡರೆ ಸೆರಗು ಸರಿಪಡಿಸಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದಳು.

ಬೇರೆ ದಾರಿಯಿಲ್ಲದೆ ಹೋದ, ಕೊಣ್ಣೂರರೂ ಜೊತೆಗೆ ಬಂದರು. ಅಮರಮ್ಮ ಗದ್ದೆಯ ಬದುವಿನ ಮೇಲೆ ನಿಂತು ಹಕ್ಕಿ ಓಡಿಸುತ್ತಿದ್ದಳು. ಭತ್ತ ತೆನೆಗಟ್ಟಿ ಹಾಲು ತುಂಬುವ ಹೊತ್ತು. ಅವನು ಹೇಳಿದ್ದನ್ನೆಲ್ಲ ಆಕೆ ಅವನ ಮುಖ ನೋಡದೆ ಕೇಳಿದಳು.

"ಹೋದ ವರ್ಷ ನನ್ನ ನೀರಿಗೆ ಬೀಗ ಹಾಕಿಸಿದಿ. ಈಗ ನಿನ್ನ ನೀರು ನನ್ನ ಗದ್ದಿಗೆ ಬೇಕೇನು?"

ಮೇಲಿನ ಕೊಳದಿಂದ ಸಾವಿರಾರು ಬಾಯಿಗಳ ಚಪಚಪ ಸದ್ದು ಅಲ್ಲಿಗೂ ಕೇಳುತ್ತಿತ್ತು. ಪೈರು ಎಷ್ಟು ನೀರು ತಾಳೀತು ಎಂದು ಅಮರಮ್ಮ ಕೊಣ್ಣೂರರನ್ನು ಕೇಳಿದಳು. ನಾಲ್ಕು ಬೆರಳು, ಅದಕ್ಕಿಂತ ಹೆಚ್ಚಾದರೆ ಪೈರು ಸೊಕ್ಕಿ ಮಲಗುತ್ತದೆ ಎಂದರು ಅವರು.

"ನಾಕು ಬೆರಳು. ಐದನೇದು ಕಂಡ್ರ ನಾನ ಒಡ್ಡು ಕಟ್ಟತೀನಿ" ಎಂದು ಅಮರಮ್ಮ ಸಲಿಕೆ ತೆಗೆದುಕೊಂಡು ಒಡ್ಡನ್ನು ತಾನೇ ಕಡಿದಳು.

ತಳದ ಕಪ್ಪು ನೀರು ಗದ್ದೆಗೆ ಇಳಿಯಿತು, ಕಾಲುವೆಯ ತಿಳಿನೀರು ಕೊಳಕ್ಕೆ ನುಗ್ಗಿತು. ಒಂದು ಗಂಟೆಯ ಹೊತ್ತಿಗೆ ಮೀನುಗಳು ಒಂದೊಂದಾಗಿ ಕೆಳಗಿಳಿದು ಕಾಣೆಯಾದವು. ಯಮನಪ್ಪ ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

ಮಳೆ ಬಂದದ್ದು ಮೂರು ಗಂಟೆಗೆ, ನಾಲ್ಕು ದಿನದಿಂದ ಕೂಡಿಟ್ಟ ಮಳೆ. ಅಮರಮ್ಮನ ಗದ್ದೆಯಲ್ಲಿ ನಾಲ್ಕು ಬೆರಳು ಹತ್ತಾಯಿತು, ಮೊಣಕೈಯುದ್ದವಾಯಿತು. ನೀರು ಹೊರಹೋಗಬೇಕಾದ ಆಕೆಯ ತೂಬು ಮಾತ್ರ ಕೆಂಪು ದೀಪ ಹಚ್ಚಿಕೊಂಡು ಮುಚ್ಚಿ ನಿಂತಿತ್ತು. ನೀರು ಯಾರ ತೂಬಿನಿಂದ ಹೊರಡುತ್ತದೆ ಎಂಬುದು ಯಂತ್ರಕ್ಕೆ ಗೊತ್ತು, ಅದು ಯಾರ ನೀರು ಎಂಬುದು ಗೊತ್ತಿಲ್ಲ. ತೆನೆಗಳು ಮುಳುಗತೊಡಗಿದವು. ನಾಳೆ ಇದೇ ಹೊತ್ತಿನವರೆಗೆ ಹೀಗೇ ಇದ್ದರೆ ಬೆಳೆಯೂ ಹೋಗುತ್ತದೆ, ಮೂರನೆಯ ಗುರುತೂ ಬೀಳುತ್ತದೆ, ಮುಂದಿನ ಹಂಗಾಮಿನ ನೀರೂ ಇಲ್ಲ. ಉಪಕಾರ ಮಾಡಿದವಳಿಗೆ ಸಿಕ್ಕ ಉಡುಗೊರೆ ಇದು. ಅಮರಮ್ಮ ಯಾರನ್ನೂ ಬಯ್ಯಲಿಲ್ಲ. ಅದನ್ನು ಸಹಿಸುವುದೇ ಹುಲಿಗೆಪ್ಪನಿಗೆ ಕಷ್ಟವಾಯಿತು.

"ಇದನ್ನು ನಾನು ಯೋಚಿಸಿರಲಿಲ್ಲ" ಎಂದರು ಕೊಣ್ಣೂರರು. ಅವರ ದನಿ ಇಳಿದಿತ್ತು.

ಆಮೇಲೆ, ಹೇಳಲೋ ಬೇಡವೋ ಎಂಬಂತೆ, ಯಂತ್ರದ ಒಂದು ಸಣ್ಣ ನಿಯಮ ಹೇಳಿದರು. ಒಡಹುಟ್ಟಿದವರು ಹೊಲ ಹಂಚಿಕೊಂಡರೂ ನೀರು ಹಂಚಿಕೊಂಡಿರುವುದಿಲ್ಲ. ಅಂಥವರಿಗೆಂದು 'ಕೂಡುಹಿಡುವಳಿ' ಇತ್ತು. ಆಗ ಯಂತ್ರ ಎರಡೂ ತೂಬುಗಳನ್ನು ಒಂದೇ ಎಂದು ಎಣಿಸುತ್ತದೆ. ಕೊಳದ ನೀರು ಈಗ ತಿಳಿ, ಗದ್ದೆಯ ನೀರು ಕದಡು. ಕೂಡಿಸಿ ತೂಗಿದರೆ ಮಿತಿಯೊಳಗೆ ಬರಬಹುದು. ಆದರೆ ಗುರುತುಗಳೂ ಕೂಡುತ್ತವೆ. ಜೊತೆಗೆ ಇದು ರಕ್ತಸಂಬಂಧಿಗಳಿಗೆ ಮಾತ್ರ. ಇಲ್ಲದಿದ್ದರೆ ದೊಡ್ಡ ಕುಳಗಳು ತಮ್ಮ ಕೊಳೆಯನ್ನು ಬಡವರ ಹೆಸರಿಗೆ ದಾಟಿಸಿಬಿಡುತ್ತಿದ್ದರು.

ತೂಬಿನ ಕಂಬದ ಮೇಲಿನ ಪರದೆಯನ್ನು ಹುಲಿಗೆಪ್ಪ ಅಂಗಿಯ ತುದಿಯಿಂದ ಒರೆಸಿದ. 'ಸಂಬಂಧ?' ಎಂದು ಅದು ಕೇಳುತ್ತಿತ್ತು, ಸಾಕ್ಷಿ ಕೇಳುತ್ತಿರಲಿಲ್ಲ. ಅವನು ಅಂಬಿಗರವನು, ಆಕೆ ಲಿಂಗಾಯತರವಳು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ತುತ್ತು ಉಂಡವರಲ್ಲ. ಹುಲಿಗೆಪ್ಪ 'ಅಕ್ಕ-ತಮ್ಮ' ಎಂಬುದನ್ನು ಒತ್ತಿ ಹೆಬ್ಬೆರಳಿಟ್ಟ. ಕೊಣ್ಣೂರರು ಮುಖ ತಿರುಗಿಸಿ ಮಳೆ ನೋಡುತ್ತಿದ್ದರು.

ಅಮರಮ್ಮ ಕೈ ಮುಂದೆ ಚಾಚಲಿಲ್ಲ. "ನನ್ನ ಎರಡು ಗುರುತು ನಿನ್ನ ತಲಿ ಮ್ಯಾಲೆ ಬರ್ತಾವ. ಇನ್ನೊಂದು ಬಿದ್ರ ನಿನ್ನ ಕೆರಿ ಬಂದ್. ಗೊತ್ತೈತೇನು?"

"ಅವು ನನ್ನವ ಅದಾವ ಅಕ್ಕಾ. ಬರೆಸಿದಾಂವ ನಾನ."

ಆಕೆ ಹೆಬ್ಬೆರಳನ್ನು ಸೀರೆಗೆ ಒರೆಸಿ ಒತ್ತಿದಳು. ಯಂತ್ರ ಲೆಕ್ಕ ಹಾಕತೊಡಗಿತು. ತೆನೆಯ ತುದಿಗಳಷ್ಟೇ ನೀರಿನ ಮೇಲಿದ್ದವು. ಯಮನಪ್ಪನೂ ಸೇರಿ ನಾಲ್ವರೂ ಮಳೆಯಲ್ಲಿ ಆ ಕೆಂಪು ದೀಪವನ್ನೇ ನೋಡುತ್ತ ನಿಂತರು. ಕೊನೆಗೆ ಮೇಲೊಂದು, ಕೆಳಗೊಂದು, ಎರಡೂ ಹಲಗೆಗಳು ಎದ್ದವು. ನೀರು ಭೋರೆಂದು ಹಳ್ಳಕ್ಕೆ ಧುಮುಕಿತು.

ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಹತ್ತು ತಿಂಗಳಲ್ಲಿ ಹಿರೇಹಳ್ಳದ ಉದ್ದಕ್ಕೂ ಹತ್ತೊಂಬತ್ತು ಕೊಳಗಳು ಹತ್ತೊಂಬತ್ತು ಗದ್ದೆಗಳ ಜೊತೆ ಒಡಹುಟ್ಟಿಬಿಟ್ಟವು. ಕೊಳದ ತಳನೀರು ಭತ್ತಕ್ಕೆ ಹೋಯಿತು, ಯೂರಿಯಾ ಅರ್ಧಕ್ಕಿಳಿಯಿತು, ಹಳ್ಳ ಹಿಂದೆಂದೂ ಇಲ್ಲದಷ್ಟು ತಿಳಿಯಾಯಿತು. ತಪ್ಪಿನಲ್ಲಿ ಪಾಲಿರುವುದರಿಂದ ಒಬ್ಬರ ನೀರನ್ನು ಇನ್ನೊಬ್ಬರು ದಿನವೂ ಬಗ್ಗಿ ನೋಡುತ್ತಿದ್ದರು. ನೆರೆಯವನನ್ನು ನಂಬಬೇಕಾಗಿಯೇ ಬಾರದಂತೆ ಮಾಡಿದ ಯಂತ್ರವದು! ಇಲಾಖೆ ಮೊದಲು ಹಿಗ್ಗಿತು, ಆಮೇಲೆ ಒಂದೇ ಊರಿನಲ್ಲಿ ಇಷ್ಟು ಅಕ್ಕತಂಗಿಯರು ಎಲ್ಲಿಂದ ಹುಟ್ಟಿದರು ಎಂದು ಅದಕ್ಕೆ ಅನುಮಾನ ಬಂತು. ಸಂಬಂಧ ಸುಳ್ಳಾದರೆ ಎಲ್ಲ ಕೂಡುಹಿಡುವಳಿಗಳೂ ರದ್ದು. ಪರಿಶೀಲನೆಗೆ ಕೊಣ್ಣೂರರನ್ನೇ ಕಳಿಸಿದರು, ಮೊದಲ ಜೋಡಿಯಿಂದಲೇ ಶುರುಮಾಡಲು ಹೇಳಿದರು.

ಅವರು ಬೇಕೆಂದೇ ನಾಗರಪಂಚಮಿಯ ದಿನ ಆರಿಸಿಕೊಂಡು ಬಂದರು. ಪಂಚಮಿಗೆ ಹೆಣ್ಣುಮಗಳು ಎಲ್ಲಿರುತ್ತಾಳೋ ಅದು ತವರು, ಅದಕ್ಕೆ ಬೇರೆ ದಾಖಲೆ ಬೇಡ. ಇದ್ದದ್ದನ್ನು ಇದ್ದಂತೆ ಬರೆಯುವುದೆಂದು ಅವರು ನಿರ್ಧರಿಸಿದ್ದರು. ಸುಳ್ಳಿನ ಮೇಲೆ ನಡೆಯುವ ಮಾಪಕವನ್ನು ಯಾರೂ ನಂಬುವುದಿಲ್ಲ ಎಂಬುದು ಅವರ ಜೀವಮಾನದ ಮಾತು.

ಹುಲಿಗೆಪ್ಪನ ಮನೆಯ ಪಡಸಾಲೆಯಲ್ಲಿ ಅಮರಮ್ಮ ಗೋಡೆಗೊರಗಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಶೇಂಗಾದ ಉಂಡಿ ಇದ್ದವು. ಕೈಯಲ್ಲಿ ಕಾಗದ ಹಿಡಿದ ಕೊಣ್ಣೂರರನ್ನು ಕಂಡು ಹುಲಿಗೆಪ್ಪ ಎದ್ದು ನಿಂತ. ಅವರು ನಿಯಮದಂತೆ ಕೇಳಿದರು, ಇವರು ನಿಮ್ಮ ಅಕ್ಕನೇ ಎಂದು. ಅವನು ಉಂಡಿಯ ತಟ್ಟೆಯನ್ನು ಅವರ ಕಡೆ ಸರಿಸಿದ.

ಉತ್ತರ ಬಂದದ್ದು ಅಮರಮ್ಮನಿಂದ. "ಅವನ್ನೇನು ಕೇಳ್ತೀರಿ ಮೇಡಂ? ಪಂಚಮಿಗೆ ಅಕ್ಕನ್ನ ಕರ್ಯಾಕ ಬಂದಾಂವ ಬರೇ ಕೈಲೆ ಬಂದಾನ. ಒಂದು ಕುಬಸದ ಅರಿವಿ ಸೈತ ತಂದಿಲ್ಲ. ಸುಳ್ಳು ಹೇಳಿ ತಮ್ಮನ್ನ ಮಾಡ್ಕೊಳ್ಳೋದಿದ್ರ ಇಂಥಾವನ್ನ ಯಾರರ ಮಾಡ್ಕೊಂತಾರೇನ್ರಿ?"

ಕೊಣ್ಣೂರರು ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಸಂಬಂಧದ ಅಂಕಣದಲ್ಲಿ 'ಸಂಬಂಧ ಖಚಿತ' ಎಂದು ಬರೆದು ಸಹಿ ಹಾಕಿ, ಒಂದು ಉಂಡಿ ತೆಗೆದುಕೊಂಡರು.